ಗಾಸಿಪ್ ಮುಂದಿನ ಕಠಾರಿ

ಹಾಬ್ಸ್‌ವಿಕ್, ಯಾರ್ಕ್‌ಷೈರ್ ಕರಾವಳಿ
9 ನವೆಂಬರ್ 1953

ನಿಘಂಟಿನ ಕಚೇರಿಯವರಿಗೆ,

ನೀವು ನಿಘಂಟಿನ ಹೊಸ ಮುದ್ರಣ ತರುತ್ತಿದ್ದೀರಿ, ತಪ್ಪು ಕಂಡವರು ಬರೆಯಬಹುದು ಎಂದು ಪತ್ರಿಕೆಯಲ್ಲಿ ಓದಿದೆ. ತಪ್ಪು ಕಂಡಿದೆ, ಬರೆಯುತ್ತಿದ್ದೇನೆ.

ನಮ್ಮ ಚಾಪೆಲಿನ ಓದುವ ಕೋಣೆಯಲ್ಲಿ ನಿಮ್ಮ ಹಳೆಯ ಮುದ್ರಣವಿದೆ. ಗಾಳಿಗೆ ಬಾಗಿಲು ಬಡಿದುಕೊಳ್ಳದ ಹಾಗೆ ಅದನ್ನು ಒತ್ತುಕೊಟ್ಟು ಇಡುತ್ತೇವೆ. ಹೋದ ವಾರ ಅದನ್ನು ಎತ್ತಿ ಮೇಜಿನ ಮೇಲಿಟ್ಟು, ಯಾಕೋ ನನಗೆ ಸಂಬಂಧಪಟ್ಟ ಒಂದು ಪದವನ್ನು ಹುಡುಕಿದೆ. ಗಾಸಿಪ್. ಮೂರು ಅರ್ಥ ಕೊಟ್ಟಿದ್ದೀರಿ. ಒಂದು, ಮಗುವಿನ ನಾಮಕರಣದಲ್ಲಿ ಹೊಣೆ ಹೊರುವ ಧರ್ಮತಾಯಿ ಅಥವಾ ಧರ್ಮತಂದೆ. ಎರಡು, ಹೆರಿಗೆಯ ಹೊತ್ತಿಗೆ ಬಸುರಿಯ ಜೊತೆಗಿರಲು ಕರೆಸಿಕೊಳ್ಳುವ ಗೆಳತಿ. ಮೂರು, ಕಾಡುಹರಟೆ. ಮೂರನೆಯದಕ್ಕೆ ಅರ್ಧ ಪುಟ ಕೊಟ್ಟಿದ್ದೀರಿ. ಎರಡನೆಯದರ ಮುಂದೆ ಒಂದು ಸಣ್ಣ ಕಠಾರಿಯ ಚಿತ್ರ ಹಾಕಿದ್ದೀರಿ. ಕಠಾರಿ ಎಂದರೆ ಏನು ಎಂದು ಮೊದಲ ಪುಟದಲ್ಲಿ ನೋಡಿದೆ. 'ಬಳಕೆ ತಪ್ಪಿದ್ದು, ಸತ್ತದ್ದು' ಎಂದಿದೆ.

ಸ್ವಾಮಿ, ನನಗೆ ಎಪ್ಪತ್ತೊಂದು ವರ್ಷ. ನಲವತ್ತೊಂದು ಹೆರಿಗೆಗೆ ಗಾಸಿಪ್ ಆಗಿ ಹೋಗಿದ್ದೇನೆ. ಈ ಊರಿನಲ್ಲಿ ಯಾರನ್ನು ಕೇಳಿದರೂ ನನ್ನನ್ನು ಹಾಗೇ ಗುರುತಿಸುತ್ತಾರೆ. ಇವತ್ತು ಬೆಳಿಗ್ಗೆ ಎರಡು ಹುರಿದ ಹೆರಿಂಗ್ ಮೀನು ತಿಂದು, ಒಂದು ಮೈಲಿ ನಡೆದು ಬಂದು ಈ ಪತ್ರಕ್ಕೆ ಕೂತಿದ್ದೇನೆ. ಸತ್ತವಳು ಇಷ್ಟು ಮಾಡುವುದಿಲ್ಲ.

ದಯವಿಟ್ಟು ಕಠಾರಿಯನ್ನು ಕೀಳಿ.

ಡಾರ್ಕಸ್ ಥೀಕರ್
(ದಿವಂಗತ ರೂಬೆನ್ ಥೀಕರ್, ಮೀನುಗಾರ, ಇವರ ಹೆಂಡತಿ)


ಬ್ರಿಸ್ಟಲ್
16 ನವೆಂಬರ್ 1953

ಶ್ರೀಮತಿ ಥೀಕರ್ ಅವರಿಗೆ,

ತಮ್ಮ ಪತ್ರ ತಲುಪಿತು. ಆಸಕ್ತಿಗೆ ಧನ್ಯವಾದಗಳು.

ಒಂದು ಅರ್ಥ ಇನ್ನೂ ಜೀವಂತವಾಗಿದೆ ಎಂದು ಒಪ್ಪಬೇಕಾದರೆ ಈ ಕಚೇರಿಗೆ ಒಂದು ಲಿಖಿತ ಆಧಾರ ಬೇಕು. ಅದು ಕಳೆದ ಐವತ್ತು ವರ್ಷದೊಳಗಿನದಾಗಿರಬೇಕು, ದಿನಾಂಕವಿರಬೇಕು. ಅಚ್ಚಾಗಿರಬಹುದು, ಕೈಬರಹವಾಗಿರಬಹುದು. ಆದರೆ ಬೇಡಿಕೆ ಸಲ್ಲಿಸಿದವರೇ ಬರೆದದ್ದು ನಡೆಯುವುದಿಲ್ಲ, ಕಚೇರಿಯ ನೌಕರರು ಬರೆದದ್ದು ನಡೆಯುವುದಿಲ್ಲ, ನಿಘಂಟಿಗೆಂದೇ ಬರೆಸಿದ್ದಂತೂ ನಡೆಯುವುದೇ ಇಲ್ಲ. ಅಂಥ ವಾಕ್ಯ ಸಿಕ್ಕರೆ ಅದನ್ನು ಒಂದು ಚೀಟಿಗೆ ಇಳಿಸಿ ಡಬ್ಬಿಯಲ್ಲಿಡುತ್ತೇವೆ. ಮೂಲವನ್ನು ನಮ್ಮಲ್ಲೊಬ್ಬರು ಕಣ್ಣಾರೆ ನೋಡಬೇಕು. ಬಾಯಿಮಾತನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ತಮ್ಮ ಬಳಿ ಎರಡನೆಯ ಅರ್ಥಕ್ಕೆ ಇರುವ ಕೊನೆಯ ಚೀಟಿ 1794ರದ್ದು. 'ಜಿ' ಅಕ್ಷರದ ಹಾಳೆಗಳು ಬರುವ ಜೂನ್ 30ಕ್ಕೆ ಅಚ್ಚಿಗೆ ಹೋಗುತ್ತವೆ. ಅಷ್ಟರೊಳಗೆ ಆಧಾರ ಸಿಕ್ಕರೆ ಕಳುಹಿಸಿ.

ತಮ್ಮ ವಿಶ್ವಾಸಿ,
ಎಂ. ಹ್ಯಾಲೆಟ್
ಸಹಾಯಕ ಸಂಪಾದಕರು


ಹಾಬ್ಸ್‌ವಿಕ್
1 ಡಿಸೆಂಬರ್ 1953

ಹ್ಯಾಲೆಟ್ ಸಾಹೇಬರಿಗೆ,

ನಿಮ್ಮ ಪತ್ರದಲ್ಲಿ 'ನಮ್ಮ ಬಳಿ' ಎನ್ನಬೇಕಾದ ಕಡೆ 'ತಮ್ಮ ಬಳಿ' ಎಂದು ಬರೆದಿದ್ದೀರಿ. ಆ ಹೊತ್ತಿಗೆ ನಿಮ್ಮ ಮನಸ್ಸು ಬೇರೆಲ್ಲೋ ಇತ್ತು ಅನಿಸುತ್ತದೆ. ಇರಲಿ, ಎಲ್ಲರಿಗೂ ಆಗುತ್ತದೆ.

ಬಾಯಿಮಾತು ನಡೆಯುವುದಿಲ್ಲ ಅಂದಿರಿ. ಗಾಸಿಪ್‌ಳ ಕೆಲಸ ನಡೆಯುವುದೇ ಬಾಯಿಮಾತಿನಿಂದ. ನೀವು ಗಂಡಸರು, ನಿಮಗೆ ತಿಳಿದಿರಲಿಕ್ಕಿಲ್ಲ, ಹೇಳುತ್ತೇನೆ.

ನೋವು ಶುರುವಾದ ಕೂಡಲೇ ಮೂವರು ಗಾಸಿಪ್‌ಗಳಿಗೆ ಕರೆ ಬರುತ್ತದೆ. ಮಗು ಹಿಡಿಯುವವಳು ಸೂಲಗಿತ್ತಿ, ಅದು ಬೇರೆಯ ಕೆಲಸ. ನಾವು ಹೋದವರೇ ಮನೆಯಲ್ಲಿರುವ ಗಂಟುಗಳನ್ನೆಲ್ಲ ಬಿಚ್ಚುತ್ತೇವೆ: ಏಪ್ರನ್ ದಾರ, ಬೂಟಿನ ಲಾಡಿ, ಪರದೆಯ ಹಗ್ಗ. ಪೆಟ್ಟಿಗೆ ಬೀರುಗಳ ಬೀಗ ತೆಗೆಯುತ್ತೇವೆ. ಆಮೇಲೆ ಕೂತು ಮಾತಾಡುತ್ತೇವೆ. ಅಷ್ಟೇ. ಬಸುರಿಯ ಮನಸ್ಸು ನೋವಿನ ಕಡೆ ತಿರುಗದ ಹಾಗೆ ಆರು ಗಂಟೆಯಾಗಲಿ ಹದಿನಾರು ಗಂಟೆಯಾಗಲಿ ಮಾತು ನಿಲ್ಲಬಾರದು. ಒಬ್ಬಳ ಗಂಟಲು ಒಣಗಿದರೆ ಇನ್ನೊಬ್ಬಳು ಎತ್ತಿಕೊಳ್ಳಬೇಕು. ಯಾರ ಗಂಡ ಯಾವ ದೋಣಿಯಿಂದ ಬಿದ್ದ, ಯಾರ ಬೆಕ್ಕು ಯಾರ ಮೀನು ಕದ್ದಿತು, ಏನಾದರೂ ಸರಿ. ಮಗು ಹುಟ್ಟಿದ ಮೇಲೆ ದೊಡ್ಡ ಚೀಸ್ ಗಾಲಿಯನ್ನು ನಡುವಿನಿಂದ ಕೊರೆದು ಬಂದವರಿಗೆಲ್ಲ ಹಂಚುತ್ತೇವೆ. ಕೊನೆಗೆ ಉಳಿಯುವುದು ಬರೀ ಸುತ್ತಿನ ಅಂಚು, ಬಳೆಯ ಹಾಗೆ. ನಾಮಕರಣದ ದಿನ ಮಗುವನ್ನು ಆ ಬಳೆಯೊಳಗಿಂದ ತೂರಿಸುತ್ತೇವೆ.

ಈಗ ನಿಮ್ಮ ಮೂರನೆಯ ಅರ್ಥಕ್ಕೆ ಬರುತ್ತೇನೆ. ನನ್ನ ಗಂಡ ರೂಬೆನ್ ನಮ್ಮ ಮೊದಲ ಮಗುವಿನ ದಿನ ಬಾಗಿಲಾಚೆ ಕೂತಿದ್ದ. ಆಮೇಲೆ ಹೇಳಿದ: "ಒಳಗೆ ಅದೇನು ಸಂತೇನೇ ಮಾರಾಯ್ತಿ! ನೀನು ಸಾಯ್ತಿದೀಯೋ ಏನೋ ಅಂತ ನಾನಿಲ್ಲಿ ನಡುಗ್ತಾ ಕೂತಿದ್ರೆ, ಅವರು ಬೆಕ್ಕಿನ ಕತೆ ಹೇಳ್ಕೊಂಡು ನಗ್ತಿದ್ರು." ಸಾಹೇಬರೇ, ಬಾಗಿಲಾಚೆ ಕೂತ ಗಂಡಸರಿಗೆ ಅದು ಬರೀ ಹರಟೆಯಾಗಿ ಕೇಳಿಸಿತು. ನಿಘಂಟು ಬರೆದವರೂ ಬಾಗಿಲಾಚೆ ಕೂತವರೇ ಇರಬೇಕು.

ಡಾರ್ಕಸ್ ಥೀಕರ್


ಬ್ರಿಸ್ಟಲ್
14 ಡಿಸೆಂಬರ್ 1953

ಶ್ರೀಮತಿ ಥೀಕರ್ ಅವರಿಗೆ,

ಮೊದಲು ಒಂದು ತಿದ್ದುಪಡಿ: ನಾನು ಸಾಹೇಬನಲ್ಲ, ಹೆಂಗಸು. ಹೆಸರು ಮರಿಯನ್. ಕಚೇರಿಯ ಪತ್ರಗಳಿಗೆ ಮೊದಲಕ್ಷರ ಮಾತ್ರ ಹಾಕುವುದು ಇಲ್ಲಿಯ ಪದ್ಧತಿ. 'ತಮ್ಮ ಬಳಿ' ಎಂದು ಬರೆದದ್ದು ನಾನೇ. ಹನ್ನೆರಡು ವರ್ಷದಲ್ಲಿ ನನ್ನ ಪತ್ರದ ತಪ್ಪನ್ನು ಯಾರೂ ಹಿಡಿದಿರಲಿಲ್ಲ. ಓದಿ ನಾಚಿಕೆಯಾಯಿತು.

ನಿಮ್ಮ ಬಾಗಿಲಾಚೆಯ ಗಂಡಸರ ಮಾತನ್ನು ನಮ್ಮ ಪ್ರಧಾನ ಸಂಪಾದಕರಾದ ಡಾ. ಎಲ್ವಿನ್ ಅವರಿಗೆ ಓದಿ ಹೇಳಿದೆ. ಅರವತ್ತೆಂಟು ವರ್ಷದ ಬ್ರಹ್ಮಚಾರಿ. ಕನ್ನಡಕ ತೆಗೆದು ಒರೆಸಿ, "ಊಹೆ ಚೆನ್ನಾಗಿದೆ, ಮಿಸೆಸ್ ಹ್ಯಾಲೆಟ್. ಆದ್ರೆ ಚೀಟಿ ಎಲ್ಲಿ?" ಎಂದರು. ಅವರು ಯಾವುದಕ್ಕೂ ಕೇಳುವುದು ಅದನ್ನೇ.

ಪದದ ಹುಟ್ಟು ನಿಮಗೆ ಇಷ್ಟವಾಗಬಹುದು. ಸುಮಾರು ಒಂಬೈನೂರು ವರ್ಷದ ಹಿಂದೆ ಅದು ಎರಡು ತುಂಡುಗಳ ಪದವಾಗಿತ್ತು. ಮೊದಲ ತುಂಡು ದೇವರು, ಎರಡನೆಯದು ನೆಂಟ. ರಕ್ತದಿಂದಲ್ಲದೆ ದೇವರ ಎದುರು ಆದ ನೆಂಟತನ. ಮೊದಲು ಅದು ಗಂಡಸಿಗೂ ಹೆಂಗಸಿಗೂ ಸಲ್ಲುತ್ತಿತ್ತು. ಆಮೇಲೆ ಆಪ್ತರಿಗೆ, ಆಮೇಲೆ ಹೆರಿಗೆಗೆ ಬರುವ ಆಪ್ತ ಹೆಂಗಸರಿಗೆ, ಆಮೇಲೆ ಮಾತುಗಾತಿಗೆ. ಮಾತಿಗೇ ಆ ಹೆಸರು ಬಂದದ್ದು ನೂರೈವತ್ತು ವರ್ಷದಿಂದ ಈಚೆಗೆ. ಮೇಲಿನಿಂದ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಪದ.

ಕಡತಕ್ಕಾಗಿ ಕೆಲವು ಪ್ರಶ್ನೆ. ಹೆರಿಗೆಯ ನಂತರದ ಮೊದಲ ಮೂರು ದಿನ ಗಾಸಿಪ್ ಏನು ಮಾಡುತ್ತಾಳೆ? ಬಾಣಂತಿಗೆ ತಿನ್ನಲು ಏನು ಕೊಡುತ್ತೀರಿ? ಚೊಚ್ಚಲಿನ ಹೆಣ್ಣು ತೀರ ಚಿಕ್ಕವಳಲ್ಲದಿದ್ದರೆ ಬೇರೆ ಎಚ್ಚರಿಕೆಗಳಿವೆಯೆ?

ಮರಿಯನ್ ಹ್ಯಾಲೆಟ್


ಹಾಬ್ಸ್‌ವಿಕ್
10 ಜನವರಿ 1954

ಮಿಸೆಸ್ ಹ್ಯಾಲೆಟ್ ಅವರಿಗೆ,

ಮೂರು ದಿನ ಬಾಣಂತಿಯ ಕಾಲು ನೆಲಕ್ಕೆ ತಾಗಬಾರದು. ಬಂದವರು ಮಗುವನ್ನು ನೋಡುವ ಮೊದಲು ತಾಯಿಯನ್ನು ಮಾತಾಡಿಸಬೇಕು, ಇಲ್ಲದಿದ್ದರೆ ಗಾಸಿಪ್ ಅವರನ್ನು ಹೊರಗೆ ಕಳಿಸುತ್ತಾಳೆ. ತಿನ್ನಲು ಓಟ್ಸ್ ಗಂಜಿ, ಅದಕ್ಕೆ ಜಾಯಿಕಾಯಿ, ಸ್ವಲ್ಪ ಸಕ್ಕರೆ, ಒಂದು ಲೋಟ ಬಿಯರ್. ಈ ಊರಿನ ಚಾಪೆಲಿನವರೆಲ್ಲ ಮದ್ಯ ಮುಟ್ಟುವುದಿಲ್ಲವೆಂದು ಪ್ರಮಾಣ ಮಾಡಿದವರು. ಗಂಜಿಯೊಳಗಿನದನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ. ನೀವೂ ನಿಘಂಟಿನಲ್ಲಿ ಹಾಕಬೇಡಿ.

ವಯಸ್ಸಾದವಳ ಚೊಚ್ಚಲಿಗೆ ಬೇರೆ ಎಚ್ಚರಿಕೆ ಒಂದೇ. ಅವಳು ಹೆಚ್ಚು ಓದಿರುತ್ತಾಳೆ, ಹೆಚ್ಚು ಹೆದರಿರುತ್ತಾಳೆ. ಆದ್ದರಿಂದ ಹೆಚ್ಚು ಮಾತಾಡಬೇಕು.

ನಿಮ್ಮ ಡಾಕ್ಟರಿಗೆ ಚೀಟಿ ತಾನೆ ಬೇಕು? ಕಳಿಸುತ್ತೇವೆ ಎಂದು ಹೇಳಿ. ನಮ್ಮ ಹೊಲಿಗೆ ಕೂಟದ ಹೆಂಗಸರಿಗೆಲ್ಲ ವಿಷಯ ತಿಳಿಸಿದ್ದೇನೆ.

ಡಾರ್ಕಸ್ ಥೀಕರ್


ಬ್ರಿಸ್ಟಲ್
2 ಫೆಬ್ರವರಿ 1954

ಪ್ರಿಯ ಶ್ರೀಮತಿ ಥೀಕರ್,

ನಿಮ್ಮ ಊರಿನಿಂದ ಇಪ್ಪತ್ತಮೂರು ಪತ್ರಗಳು ಬಂದಿವೆ. ಇಪ್ಪತ್ತಮೂರರ ಮೇಲೂ ಜನವರಿ 19 ಎಂದಿದೆ. ಎಲ್ಲವೂ ಒಂದೇ ನೀಲಿ ಶಾಯಿ, ಒಂದೇ ಗೀಟಿನ ಹಾಳೆ, ಹಲವದರ ಮೇಲೆ ಒಂದೇ ಚಹಾ ಬಟ್ಟಲಿನ ಕಲೆ. ಮಿಸೆಸ್ ವೆರಿಲ್ ಎನ್ನುವವರು ಹೀಗೆ ಬರೆದಿದ್ದಾರೆ: "ಇಂದು ಗಾಸಿಪ್ ಬಂದಿದ್ದಳು. ಹವೆ ಚೆನ್ನಾಗಿದೆ. ಗಾಸಿಪ್ ಹೋದಳು." ಇನ್ನೊಬ್ಬರು ಒಂದೇ ವಾಕ್ಯದಲ್ಲಿ ಪದವನ್ನು ಐದು ಸಲ ತಂದು ಪ್ರತಿಸಲವೂ ಕೆಳಗೆ ಗೆರೆ ಎಳೆದಿದ್ದಾರೆ.

ಡಾ. ಎಲ್ವಿನ್ ಎಲ್ಲವನ್ನೂ ಒಂದೊಂದಾಗಿ ಓದಿದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಹನ್ನೆರಡು ವರ್ಷದಲ್ಲಿ ಎರಡನೆಯ ಸಲ. "ಪಾಪ, ಎಷ್ಟು ಕಷ್ಟಪಟ್ಟಿದಾರೆ ನೋಡಿ. ಒಂದೂ ಬರಲ್ಲ," ಎಂದು ಕಟ್ಟಿ ಬದಿಗಿಟ್ಟರು.

ಕ್ಷಮಿಸಿ. ನಿಘಂಟಿಗೆಂದೇ ಬರೆಸಿದ್ದು ನಡೆಯುವುದಿಲ್ಲ ಎಂದು ಮೊದಲೇ ತಿಳಿಸಿದ್ದೆ. ಯಾರಾದರೂ ತಮ್ಮ ಪಾಡಿಗೆ, ತಮ್ಮ ಕೆಲಸಕ್ಕೆಂದು ಬರೆದದ್ದು ಬೇಕು. ಹಳೆಯ ಡೈರಿ, ಮನೆಗೆ ಬರೆದ ಕಾಗದ, ಏನಾದರೂ.

ಕಡತಕ್ಕಾಗಿ ಇನ್ನೊಂದು ಪ್ರಶ್ನೆ. ಗಂಡ ಹಡಗಿನಲ್ಲಿ ದೂರವಿರುವಾಗ ನೋವು ಬಂದರೆ ಗಾಸಿಪ್‌ಗಳನ್ನು ಕರೆಯಲು ಹೋಗುವವರು ಯಾರು?

ಮರಿಯನ್ ಹ್ಯಾಲೆಟ್


ಹಾಬ್ಸ್‌ವಿಕ್
15 ಫೆಬ್ರವರಿ 1954

ಮಿಸೆಸ್ ಹ್ಯಾಲೆಟ್,

ಇಪ್ಪತ್ತಮೂರು ಹೆಂಗಸರು ಒಂದು ಸಂಜೆಯ ಹೊಲಿಗೆ ಬಿಟ್ಟು ಬರೆದದ್ದನ್ನು ಓದಿ ನೀವಿಬ್ಬರೂ ಕೂತು ನಕ್ಕಿರಿ. ಆ ಚಹಾ ಬಟ್ಟಲು ನನ್ನದೇ. ಹೋಗಲಿ.

ನಿಮ್ಮ ಪ್ರಶ್ನೆಗಳನ್ನೆಲ್ಲ ಸಾಲಾಗಿಟ್ಟು ಮತ್ತೆ ಓದಿದೆ. ವಯಸ್ಸಾದವಳ ಚೊಚ್ಚಲು. ಮೂರು ದಿನದ ಆರೈಕೆ. ಹಡಗಿನಲ್ಲಿರುವ ಗಂಡ. ನಿಘಂಟಿಗೆ ಹಡಗು ಯಾಕೆ ಬೇಕು?

ಎಷ್ಟು ತಿಂಗಳು?

ಡಾರ್ಕಸ್ ಥೀ.


ಬ್ರಿಸ್ಟಲ್
29 ಮಾರ್ಚ್ 1954

ಪ್ರಿಯ ಡಾರ್ಕಸ್ ಅಮ್ಮ,

ಆರು ವಾರ ಉತ್ತರ ಬರೆಯಲಿಲ್ಲ. ಬರೆದು ಹರಿದೆ, ಮತ್ತೆ ಬರೆದೆ. ಏಳು ತಿಂಗಳು.

ನನಗೆ ನಲವತ್ತೊಂದು. ಹದಿನೈದು ವರ್ಷ ಆಗದೆ ಇದ್ದದ್ದು ಈಗ ಆಗಿದೆ. ನನ್ನ ಗಂಡ ಲಯನೆಲ್ ಸರಕು ಹಡಗಿನಲ್ಲಿ ವೈರ್‌ಲೆಸ್ ನೋಡಿಕೊಳ್ಳುವವನು, ದಕ್ಷಿಣ ಅಮೆರಿಕದ ಆಚೆ ಬದಿಯಲ್ಲಿದ್ದಾನೆ. ಬರುವುದು ಆಗಸ್ಟಿನಲ್ಲಿ. ನನ್ನ ತಾಯಿ ಇಲ್ಲ, ಅಕ್ಕತಂಗಿಯರಿಲ್ಲ. ಕಚೇರಿಯಲ್ಲಿ ಯಾರಿಗೂ ಹೇಳಿಲ್ಲ. ಹೇಳಿದ ದಿನವೇ ಕೆಲಸ ಬಿಡಬೇಕಾದೀತು. ಕೋಟು ತೊಟ್ಟುಕೊಂಡೇ ಕೂರುತ್ತೇನೆ. "ನಿಮಗೆ ಅಷ್ಟು ಚಳೀನಾ?" ಎಂದು ಟೈಪಿಸ್ಟ್ ಮೊನ್ನೆ ಕೇಳಿದಳು. ಕಿಟಕಿಯ ಹೊರಗೆ ವಸಂತದ ಡ್ಯಾಫೊಡಿಲ್ ಹೂ ಅರಳಿತ್ತು.

ನಿಮ್ಮನ್ನು ಕಡತದ ಹೆಸರಿನಲ್ಲಿ ಪ್ರಶ್ನೆ ಕೇಳಿದ್ದು ಸರಿಯಲ್ಲ. ಮೊದಲೆರಡು ಪ್ರಶ್ನೆ ಕೇಳುವಾಗ ನಿಜವಾಗಿಯೂ ಕಡತಕ್ಕೇ ಕೇಳುತ್ತಿದ್ದೇನೆ ಎಂದು ನಾನೇ ನಂಬಿದ್ದೆ. ಈಗ ಹಾಗೆನ್ನಲಾರೆ.

ಬೇರೆ ಯಾರಿಗೂ ಹೇಳಬೇಡಿ ಎಂದು ಗಾಸಿಪ್ ಒಬ್ಬಳನ್ನು ಕೇಳಿಕೊಳ್ಳುವುದು ತಮಾಷೆಯಾಗಿದೆ. ಆದರೂ ಕೇಳಿಕೊಳ್ಳುತ್ತೇನೆ.

ಮರಿಯನ್


ಹಾಬ್ಸ್‌ವಿಕ್
10 ಏಪ್ರಿಲ್ 1954

ಮಗಳೇ,

ಹೆರಿಗೆ ಕೋಣೆಯಲ್ಲಿ ಆಡಿದ್ದು ಹೊರಗೆ ಹೋಗುವುದಿಲ್ಲ. ಅದೂ ಗಾಸಿಪ್‌ಳ ಕೆಲಸವೇ. ನಿಮ್ಮ ಮೂರನೆಯ ಅರ್ಥದವರಿಗೆ ಅದು ಗೊತ್ತಿಲ್ಲ.

ನೀನು ನಿಜ ಹೇಳಿದ ಮೇಲೆ ನಾನು ಸುಮ್ಮನಿರುವುದು ಚೆನ್ನಲ್ಲ. ನನ್ನ ಕಡೆಯೂ ಒಂದು ಸುಳ್ಳಿದೆ.

ನನ್ನನ್ನು ಯಾರೂ ಕರೆದು ಒಂಬತ್ತು ವರ್ಷವಾಯಿತು. ಯುದ್ಧದಲ್ಲಿ ಚೀಸ್ ರೇಷನ್ನಿಗೆ ಹೋಯಿತು. ಒಬ್ಬೊಬ್ಬರಿಗೆ ವಾರಕ್ಕೆ ಸೋಪಿನ ಚೂರಿನಷ್ಟು ಸಿಗುವಾಗ ಗಾಲಿ ಎಲ್ಲಿಂದ ತರುವುದು? ಗಾಲಿ ಇಲ್ಲದೆ ಮೂವರು ಹೆಂಗಸರನ್ನು ಕರೆಯಲು ಮನೆಯವರಿಗೆ ಸಂಕೋಚ. ಆಮೇಲೆ ಪೇಟೆಯಲ್ಲಿ ಹೆರಿಗೆ ವಾರ್ಡು ಬಂತು. ಒಳ್ಳೆಯ ವಾರ್ಡು, ನಾನು ಬೈಯುವುದಿಲ್ಲ. ನಾನು ಹೋದ ನಲವತ್ತೊಂದು ಹೆರಿಗೆಗಳಲ್ಲಿ ನಾಲ್ಕು ಮಕ್ಕಳು ಉಳಿಯಲಿಲ್ಲ, ಅಲ್ಲಿದ್ದಿದ್ದರೆ ಉಳಿಯುತ್ತಿದ್ದವೋ ಏನೋ. ಹುಡುಗಿಯರು ವ್ಯಾನಿನಲ್ಲಿ ಹೋಗುತ್ತಾರೆ, ಹತ್ತು ದಿನಕ್ಕೆ ಮಗು ಎತ್ತಿಕೊಂಡು ಬರುತ್ತಾರೆ. ದಾರಿಯಲ್ಲಿ ಸಿಕ್ಕರೆ ತೋರಿಸುತ್ತಾರೆ.

ಮೊದಲ ಪತ್ರದಲ್ಲಿ ನಾನು ಬೊಗಳಿದ್ದೆಲ್ಲ ನಿಮ್ಮ ಮೇಲಿನ ಸಿಟ್ಟಿನಿಂದಲ್ಲ. ಓದುವ ಕೋಣೆಯಲ್ಲಿ ಆ ಕಠಾರಿ ಕಂಡಾಗ, ಹೌದಲ್ಲ, ಇವರಿಗೆ ಹೇಗೆ ತಿಳಿಯಿತು ಎಂದು ಒಂದು ಕ್ಷಣ ಅನಿಸಿತು. ಅದಕ್ಕೆ ಸಿಟ್ಟು ಬಂತು.

ಕಠಾರಿ ಅಲ್ಲೇ ಇರಲಿ. ನೀನು ಕಾಲು ಎತ್ತರಕ್ಕಿಟ್ಟು ಕೂರು.

ಡಾರ್ಕಸ್


ಬ್ರಿಸ್ಟಲ್
24 ಏಪ್ರಿಲ್ 1954

ಪ್ರಿಯ ಡಾರ್ಕಸ್ ಅಮ್ಮ,

ನನಗೆ ಗೊತ್ತಿತ್ತು. ಫೆಬ್ರವರಿಯಿಂದಲೇ ಗೊತ್ತಿತ್ತು.

ಇಪ್ಪತ್ತಮೂರು ಪತ್ರಗಳಲ್ಲಿ ಒಂದನ್ನು ನೆಲ್ ಎನ್ನುವ ಹುಡುಗಿ ಬರೆದಿದ್ದಳು. "ಡಾರ್ಕಸಜ್ಜಿ ಹೇಳಿದ್ದಕ್ಕೆ ಬರೀತಿದೀನಿ. ನನ್ನ ಮಗು ವಾರ್ಡಲ್ಲಿ ಹುಟ್ಟಿತು. ಬೆಳಗ್ಗೆಯಿಂದ ಸಂಜೆವರೆಗೆ ಒಬ್ಬಳೇ ಇದ್ದೆ, ಗಡಿಯಾರ ನೋಡ್ತಾ. ಆಗ ಅಜ್ಜಿ ಇದ್ದಿದ್ರೆ ಅನ್ನಿಸ್ತು. ಇದು ಲೆಕ್ಕಕ್ಕೆ ಬರುತ್ತಾ?" ಲೆಕ್ಕಕ್ಕೆ ಬರುತ್ತಿರಲಿಲ್ಲ. ಆ ಪತ್ರವನ್ನು ಕಟ್ಟಿನಿಂದ ತೆಗೆದು ನನ್ನ ಮೇಜಿನ ಡ್ರಾಯರಿನಲ್ಲಿಟ್ಟೆ. ನಿಮಗೆ ಹೇಳಲಿಲ್ಲ. ನಿಮ್ಮ ಮನಸ್ಸು ನೋಯಬಾರದೆಂದು ಹೇಳಲಿಲ್ಲವೋ, ಪತ್ರವ್ಯವಹಾರ ಅಲ್ಲಿಗೇ ನಿಂತುಬಿಟ್ಟರೆ ನನಗೆ ಕೇಳಲು ಯಾರೂ ಉಳಿಯುವುದಿಲ್ಲವೆಂದು ಹೇಳಲಿಲ್ಲವೋ, ಯೋಚಿಸಿದಷ್ಟೂ ಎರಡನೆಯದೇ ನಿಜವಿರಬಹುದು ಅನಿಸುತ್ತದೆ.

ಡಾ. ಎಲ್ವಿನ್ ಅವರಿಗೆ ಸೋಮವಾರ ಹೇಳಿದೆ. ಕೋಟಿನ ಗುಂಡಿ ಹಾಕಲಾಗುತ್ತಿಲ್ಲ, ಇನ್ನು ಮುಚ್ಚಿಡುವಂತಿರಲಿಲ್ಲ. ಅವರು ಬಹಳ ಹೊತ್ತು ಕ್ಯಾಲೆಂಡರ್ ನೋಡಿದರು. "ಜೂನಾ? ಜೂನಲ್ಲಿ ಜಿ ಮುಗೀಬೇಕಲ್ಲ!" ಎಂದರು. ಆಮೇಲೆ, "ಕರಡು ತಿದ್ದೋದನ್ನ ಮನೇಲಿ ಕೂತು ಮಾಡಬಹುದಾ? ಮಗು ಮಲಗಿದಾಗ? ಅವು ಮಲಗ್ತವೆ ಅಂತ ಕೇಳಿದೀನಿ," ಎಂದರು. ಕೆಲಸ ಬಿಡುವ ಮಾತೇ ಬರಲಿಲ್ಲ. ಐದು ತಿಂಗಳು ಕೋಟಿನಲ್ಲಿ ಬೆವರಿದ್ದು ಸುಮ್ಮನೆ.

ಈಗ ಕೇಳಬೇಕಾದದ್ದು ಕೇಳುತ್ತೇನೆ. ಜೂನ್ ಮೊದಲ ವಾರ ದಿನ ಕೊಟ್ಟಿದ್ದಾರೆ. ವಯಸ್ಸಿನ ದೆಸೆಯಿಂದ ಆಸ್ಪತ್ರೆಯಲ್ಲೇ ಆಗಬೇಕು. ಒಳಗೆ ನಿಮ್ಮನ್ನು ಬಿಡುವುದಿಲ್ಲ. ಆದರೂ ನೀವು ಬರುತ್ತೀರಾ? ನಾನು ಕಚೇರಿಯವಳು. ನೀವು ಬಂದರೂ ಅದರ ಬಗ್ಗೆ ನಾನು ಬರೆದ ಒಂದಕ್ಷರವೂ ಚೀಟಿಯಾಗುವುದಿಲ್ಲ. ಕಠಾರಿ ಇದ್ದ ಜಾಗದಲ್ಲೇ ಇರುತ್ತದೆ. ಅದು ತಿಳಿದೂ ಬರುವುದಾದರೆ ಬನ್ನಿ.

ಮರಿಯನ್


ಹಾಬ್ಸ್‌ವಿಕ್
12 ಮೇ 1954

ಮರಿಯನ್,

ಶನಿವಾರ ಚೀಸ್ ರೇಷನ್ನಿನಿಂದ ಬಿಡುಗಡೆಯಾಯಿತು. ನೀನು ಪತ್ರಿಕೆಯಲ್ಲಿ ನೋಡಿರಬೇಕು. ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿ ಡೇಲ್ಸ್ ಕಣಿವೆಗಳ ಕಡೆಯ ಒಂದು ಹೊಲದ ಮನೆಗೆ ಹೋದೆ. ಮಾರುವವಳು ಕೇಳಿದಳು, "ಇಡೀ ಗಾಲಿನಾ ಅಜ್ಜಿ? ಹೋಟ್ಲು ಇಟ್ಟಿದೀರಾ?" "ಹೆರಿಗೆಗೆ," ಅಂದೆ. ಅವಳು ನನ್ನ ಬಿಳಿ ಕೂದಲು ನೋಡಿ, ಹೊಟ್ಟೆ ನೋಡಿ, ಗಾಲಿಯನ್ನು ಚೀಲಕ್ಕೆ ಹಾಕಿದಳು.

ಜೂನ್ ಒಂದಕ್ಕೆ ಬರುತ್ತೇನೆ. ಯಾರ್ಕ್ ದಾಟಿ ಆಚೆ ನಾನು ಹೋದವಳಲ್ಲ. ಸ್ಟೇಷನ್ನಿಗೆ ನೀನು ಬರಬೇಡ, ಟ್ಯಾಕ್ಸಿಯವನಿಗೆ ಹೇಳು: ತೊಡೆಯ ಮೇಲೆ ಚೀಸ್ ಇಟ್ಟುಕೊಂಡ ಮುದುಕಿ ಒಬ್ಬಳೇ ಇರುತ್ತಾಳೆ.

ಕಠಾರಿಯ ವಿಷಯ ನನಗೆ ಮತ್ತೆ ಬರೆಯಬೇಡ. ಕರೆ ಬಂತು, ಹೊರಟೆ. ಬೂಟಿಗೆ ಲಾಡಿ ಕಟ್ಟುವುದನ್ನು ಇವತ್ತಿನಿಂದ ಬಿಡು.

ಡಾರ್ಕಸ್


ಬ್ರಿಸ್ಟಲ್
3 ಜುಲೈ 1954

ಪ್ರಿಯ ಡಾರ್ಕಸ್ ಅಮ್ಮ,

ನೀವು ಹೊರಟ ಮೇಲೆ ಮನೆ ಖಾಲಿ ಅನಿಸುತ್ತದೆ ಎಂದುಕೊಂಡಿದ್ದೆ. ಹಾಗೇನೂ ಇಲ್ಲ. ಇವಳು ಬಿಡುವುದಿಲ್ಲ. ಡಾ. ಎಲ್ವಿನ್ ಕೇಳಿದ ಸುದ್ದಿ ತಪ್ಪು, ಇವಳು ಮಲಗುವುದಿಲ್ಲ. ಮುಂಗೈಯಲ್ಲಿ ಮಗು, ಮೊಣಕಾಲ ಮೇಲೆ ಕರಡು, ಹೀಗೆ ಜಿ ಮುಗಿಸಿದೆ.

ನೋವು ಶುರುವಾದ ಆ ಶನಿವಾರದ ಬೆಳಿಗ್ಗೆಯ ಬಗ್ಗೆ ನಿಮಗೆ ಹೇಳಲೇ ಇಲ್ಲ. ಆಂಬ್ಯುಲೆನ್ಸ್ ಬರುವವರೆಗಿನ ಐದು ಗಂಟೆ ನೀವು ಮಾತಾಡುತ್ತಲೇ ಇದ್ದಿರಿ. ಯಾರ ಬೆಕ್ಕು, ಯಾವ ದೋಣಿ, ಒಂದೂ ನೆನಪಿಲ್ಲ. ದನಿ ಮಾತ್ರ ನೆನಪಿದೆ, ಹಿಡಿದುಕೊಳ್ಳಲು ಒಂದು ಕಂಬಿ ಇದ್ದ ಹಾಗೆ. ನೀವು ಗಂಟಲು ಒಣಗಿ ನೀರು ಕುಡಿಯಲು ನಿಲ್ಲಿಸಿದಾಗಲೆಲ್ಲ ನಾನು "ಆಮೇಲೆ?" ಎಂದೆನಂತೆ. ಆಸ್ಪತ್ರೆಯೊಳಗಿನ ಮುಂದಿನ ಎರಡು ಗಂಟೆಯೂ ಆ ದನಿ ಕಿವಿಯಲ್ಲಿ ನಡೆಯುತ್ತಲೇ ಇತ್ತು.

ಇನ್ನೊಂದು ಮಾತನ್ನೂ ನಿಮಗೆ ಹೇಳದೆ ಇಟ್ಟುಕೊಂಡಿದ್ದೆ. ಮಾರನೆಯ ದಿನ, ಭಾನುವಾರ ಮಧ್ಯಾಹ್ನ, ನೋಡಲು ಬರುವವರ ಹೊತ್ತಿನಲ್ಲಿ ವಾರ್ಡಿನ ಬಾಗಿಲಲ್ಲಿ ನಿಮಗೂ ನರ್ಸಿಗೂ ಆದ ಮಾತು ನನ್ನ ಹಾಸಿಗೆಗೆ ಕೇಳಿಸುತ್ತಿತ್ತು.

"ಗಂಡ ಇಲ್ಲಾಂದ್ರೆ ಹತ್ತಿರದ ನೆಂಟರು ಮಾತ್ರ, ಅಜ್ಜಿ. ನೀವು ಅವರ ತಾಯಿನಾ?"

"ಅಲ್ಲ."

"ಅತ್ತೆನಾ?"

"ಅಲ್ಲಮ್ಮ. ಗಾಸಿಪ್."

"ಹರಟೆಗೆಲ್ಲ ಇಲ್ಲಿ ಜಾಗ ಇಲ್ಲ. ನೀವು ಅವರಿಗೆ ಏನಾಗಬೇಕು ಅಂತ ಈ ಪುಸ್ತಕದಲ್ಲಿ ಬರೀಬೇಕು."

"ಅದನ್ನೇ ಹೇಳಿದ್ದು. ಹೆರಿಗೆಗೆ ಬಂದ ಗಾಸಿಪ್. ದೇವರ ಕಡೆಯ ನೆಂಟಳು. ನಿನ್ನಜ್ಜಿಯನ್ನ ಕೇಳು, ಹೇಳ್ತಾಳೆ. ಹಿಂದೆ ಹತ್ತು ಜನ ನಿಂತಿದಾರೆ, ಬೇಗ ಬರಿ ಮಗ."

ನೀವು ಒಳಗೆ ಬಂದಿರಿ. ಮೊದಲು ನನ್ನನ್ನು ಮಾತಾಡಿಸಿ, ಆಮೇಲೆ ಮಗುವನ್ನು ನೋಡಿದಿರಿ.

ನನಗೆ ಆಗ ಏನೂ ಹೊಳೆಯಲಿಲ್ಲ. ಹನ್ನೊಂದನೆಯ ದಿನ ಮನೆಗೆ ಹೊರಡುವಾಗ ಸಹಿಗೆಂದು ಅದೇ ಪುಸ್ತಕವನ್ನು ಮುಂದಿಟ್ಟರು. ಹಾಳೆ ತಿರುಗಿಸಿದೆ. 6 ಜೂನ್ 1954. ಶ್ರೀಮತಿ ಡಿ. ಥೀಕರ್. 'ರೋಗಿಗೆ ಏನಾಗಬೇಕು' ಎನ್ನುವ ಅಂಕಣದಲ್ಲಿ, ನರ್ಸಿನ ಗುಂಡಗಿನ ಅಕ್ಷರದಲ್ಲಿ: 'ಗಾಸಿಪ್ (ಹೆರಿಗೆಯ)'. ಬೇಡಿಕೆ ಸಲ್ಲಿಸಿದವರ ಕೈಯದಲ್ಲ. ಕಚೇರಿಯವರ ಕೈಯದಲ್ಲ. ನಿಘಂಟಿಗೆಂದು ಬರೆದದ್ದಲ್ಲ. ಮಗುವನ್ನು ನರ್ಸಿನ ಕೈಗೆ ಕೊಟ್ಟು, ಇನ್ನೊಮ್ಮೆ ಓದಿದೆ.

ಇದನ್ನು ಕೊಡಬೇಕೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿದೆ. ನನ್ನ ಹೆರಿಗೆಯಿಂದ ನಾನೇ ಆಧಾರ ಹುಟ್ಟಿಸಿದ ಹಾಗಲ್ಲವೇ? ಕೊನೆಗೆ ಎಲ್ಲವನ್ನೂ, ನನ್ನ ಅನುಮಾನವನ್ನೂ ಸೇರಿಸಿ, ಡಾ. ಎಲ್ವಿನ್ ಅವರಿಗೆ ಬರೆದೆ. ನಾನು ನೋಡಿದ್ದು ಸಾಲದು, ಅದು ನನ್ನದೇ ವಿಷಯ, ಬೇರೆಯವರು ನೋಡಬೇಕು ಎಂದರು. ತಾವೇ ಹೋದರು. ಭಾನುವಾರದ ಟೋಪಿ ಹಾಕಿಕೊಂಡು, ಹೆರಿಗೆ ವಾರ್ಡಿಗೆ, ನೋಡುವ ಹೊತ್ತಿನಲ್ಲಿ. ಅದೇ ನರ್ಸ್ ಇದ್ದಳಂತೆ. "ನೀವು ಯಾರ ತಂದೆ?" ಎಂದು ಕೇಳಿದಳಂತೆ. ಯಾರ ತಂದೆಯೂ ಅಲ್ಲ, ಒಂದು ಪದ ನೋಡಬೇಕು ಎಂದರಂತೆ. ಆ ಪದ ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ ಅವಳು, "ನನಗೂ ಗೊತ್ತಿರಲಿಲ್ಲ ಸಾರ್. ಸಂಜೆ ಮನೆಗೆ ಹೋಗಿ ನಮ್ಮಜ್ಜಿನ ಕೇಳಿದೆ. ಅವರು ಅತ್ತುಬಿಟ್ರು. ಅವರೂ ಹೋಗ್ತಿದ್ರಂತೆ," ಎಂದಳಂತೆ. ಅವಳು ಇಲ್ಲಿಯವಳು, ಈ ಬ್ರಿಸ್ಟಲ್ ಪಕ್ಕದ ಹಳ್ಳಿಯವಳು.

ಡಾ. ಎಲ್ವಿನ್ ಅಲ್ಲೇ ಬೆಂಚಿನ ಮೇಲೆ ಕೂತು ಚೀಟಿ ಬರೆದರು. ಅಚ್ಚಿಗೆ ಹೋಗಲು ಮೂರು ದಿನವಿತ್ತು.

ಕರಡಿನ ಪುಟ ಇದರೊಂದಿಗಿದೆ. ಎರಡನೆಯ ಅರ್ಥದ ಮುಂದೆ ಸಣ್ಣದೊಂದು ಖಾಲಿ ಜಾಗ ಕಾಣುತ್ತದೆ. ಕಠಾರಿ ಕಿತ್ತ ಜಾಗ. ಅಚ್ಚಿನವರು ಅಕ್ಷರಗಳನ್ನು ಒತ್ತಾಗಿ ಜೋಡಿಸಿ ಅದನ್ನು ಮುಚ್ಚುತ್ತಾರೆ. ಖಾಲಿ ಇರುವಾಗಲೇ ನೀವು ನೋಡಬೇಕು ಅನಿಸಿತು.

ಒಂದು ಮಾತು ಕೇಳಲೇ? ಆ ಬಾಗಿಲಲ್ಲಿ ನೀವು ಬೇಕೆಂದೇ ಬರೆಸಿದಿರಾ?

ನಿಮ್ಮ,
ಮರಿಯನ್


ಹಾಬ್ಸ್‌ವಿಕ್
12 ಜುಲೈ 1954

ಮರಿಯನ್,

ಹುಚ್ಚಿ. ಆ ಹುಡುಗಿ ನಾನು ನಿನಗೆ ಏನಾಗಬೇಕು ಎಂದು ಕೇಳಿದಳು. ಇದ್ದದ್ದನ್ನು ಹೇಳಿದೆ. ಒಳಗೆ ನೀನು ಹೇಗಿದ್ದೀಯೋ ಎಂಬ ಯೋಚನೆಯಲ್ಲಿ ನನಗೆ ನನ್ನ ಹೆಸರೇ ನೆನಪಿರಲಿಲ್ಲ, ಇನ್ನು ನಿಮ್ಮ ನಿಘಂಟು ಎಲ್ಲಿಂದ ನೆನಪಿರಬೇಕು?

ಪುಟವನ್ನು ಹೊಲಿಗೆ ಕೂಟಕ್ಕೆ ಒಯ್ದೆ. ಎಲ್ಲರೂ ಆ ಖಾಲಿ ಜಾಗವನ್ನು ಬೆರಳಿಟ್ಟು ನೋಡಿದರು. ಮಿಸೆಸ್ ವೆರಿಲ್ ತನ್ನ ಪತ್ರದಿಂದಲೇ ಇದು ಆದದ್ದು ಎನ್ನುತ್ತಾಳೆ. ನಾನು ಬಿಡಿಸಿ ಹೇಳಲು ಹೋಗಲಿಲ್ಲ.

ನೆಲ್ ನಿನ್ನೆ ಬಂದಿದ್ದಳು. ಅವಳಿಗೆ ಎರಡನೆಯದು, ಕ್ರಿಸ್‌ಮಸ್ ಹೊತ್ತಿಗೆ. ಬಾಗಿಲಲ್ಲೇ ನಿಂತು, "ಅಜ್ಜೀ, ವಾರ್ಡಿಗೆ ವ್ಯಾನ್ ಬರೋದು ಲೇಟಾಗುತ್ತೆ. ಅಲ್ಲೀವರೆಗೆ ನೀವು ಬಂದು ಕೂತಿರ್ತೀರಾ?" ಎಂದಳು. ನೋಡೋಣ ಎಂದೆ, ತಕ್ಷಣ ಒಪ್ಪಿದರೆ ಬೆಲೆಯಿರುವುದಿಲ್ಲ. ಅವಳು ಆಚೆ ತಿರುವು ದಾಟಿದ ಮೇಲೆ ಡೇಲ್ಸಿನ ಚೀಸಿನವಳಿಗೆ ಕಾಗದ ಬರೆದೆ.

ಲಯನೆಲ್ ಬಂದ ಮೇಲೆ ನಾಮಕರಣ ಇಟ್ಟುಕೊಳ್ಳಿ, ನಾನು ಬರುತ್ತೇನೆ. ಅಲ್ಲಿಯವರೆಗೆ ಚೀಸಿನ ಬಳೆಗೆ ಒದ್ದೆ ಬಟ್ಟೆ ಸುತ್ತಿಡು, ಒಣಗಿದರೆ ಒಡೆಯುತ್ತದೆ. ಮಗು ದುಂಡಗಾಗುತ್ತಿದೆ, ಬಳೆಯೊಳಗೆ ತೂರುತ್ತದೋ ಇಲ್ಲವೋ ಎಂದು ನೀನು ಬರೆದ ಚೀಟಿ ನಿನ್ನ ಕರಡಿನ ಮಡಿಕೆಯಲ್ಲಿ ಸಿಕ್ಕಿತು. ಅದಕ್ಕೆ ಮಗುವಿನ ಹಾಲು ಕಡಿಮೆ ಮಾಡಬೇಡ. ಬಳೆಯ ಒಳಗಿನಿಂದ ದಿನಾ ಒಂದು ಚೂರು ಕೊರೆದು ತಿನ್ನುತ್ತಾ ಬಾ. ನಿಮ್ಮ ನಿಘಂಟಿನ ಡಾಕ್ಟರನ್ನೂ ಚಹಾಕ್ಕೆ ಕರೆದು ಒಂದು ಚೂರು ಕೊಡು. ಆಗಸ್ಟ್ ಹೊತ್ತಿಗೆ ಸರಿಯಾಗುತ್ತದೆ.

ಡಾರ್ಕಸ್